ಒಂದೇ ವರ್ಷದ ಆದಾಯ

ಚೆಕ್ಕು ಬಂದದ್ದು ಮಂಗಳವಾರ.
ಮಂಡಕ್ಕಿ ಭಟ್ಟಿಯಿಂದ ನೆಟ್ಟಗೆ ಬ್ಯಾಂಕಿಗೆ ಹೋದೆ,
ತಲೆಯ ಮೇಲೆ ಇನ್ನೂ ಹೊಟ್ಟಿನ ಪುಡಿ,
ಸೆರಗಿನಲ್ಲಿ ಮಸಿ.
ಕೌಂಟರಿನ ಹುಡುಗಿ ಎರಡು ಸಲ ನೋಡಿದಳು,
ಒಮ್ಮೆ ಚೆಕ್ಕನ್ನು, ಒಮ್ಮೆ ನನ್ನನ್ನು.
ಐದು ಲಕ್ಷ.
ಪಾಸ್‌ಬುಕ್ಕಿನ ಆ ಸಾಲಿನಲ್ಲಿ ಜಾಗ ಸಾಲದೆ
ಸೊನ್ನೆಗಳು ಗೆರೆ ದಾಟಿ ನಿಂತಿದ್ದವು.

ಶಾಶ್ವತ ಜೀವನಾಂಶ ಎಂದು ಬರೆದಿದ್ದರು ಕೋರ್ಟಿನವರು.
ಹಾಲೇಶಪ್ಪ ಇನ್ನು ಒಂದು ಪೈಸೆ ಕೊಡಬೇಕಾಗಿಲ್ಲ
ಎಂಬುದಕ್ಕೆ ಅವರಿಟ್ಟ ಹೆಸರು ಅದು.

ಮೂರನೇ ತಿಂಗಳು ಸರ್ಕಾರದ ಎರಡು ಸಾವಿರ ಬರಲಿಲ್ಲ.
ನಾಲ್ಕನೆಯದಕ್ಕೆ ನ್ಯಾಯಬೆಲೆ ಅಂಗಡಿಯ ಪಂಪಣ್ಣ
ನನ್ನ ಚೀಲವನ್ನು ತಕ್ಕಡಿಯಿಂದ ಕೆಳಗಿಟ್ಟ.
'ಯಂತ್ರದಾಗ ನಿಮ್ಮ ಹೆಸರು ಕೆಂಪಗೆ ಬರ್ತೈತಿ ಕೊಟ್ರಮ್ಮಕ್ಕಾ.'
ಅದೇ ಯಂತ್ರ.
ಸುಡುವ ಮರಳಿನ ಜರಡಿ ಹಿಡಿದು ಸವೆದ
ನನ್ನ ಹೆಬ್ಬೆಟ್ಟನ್ನು ಎಂದೂ ಒಂದೇ ಸಲಕ್ಕೆ ಗುರುತು ಹಿಡಿದದ್ದಿಲ್ಲ.
ಐದು ಲಕ್ಷವನ್ನು ಮಾತ್ರ ಎಷ್ಟು ಬೇಗ ಹಿಡಿಯಿತು!

ದಾವಣಗೆರೆ ತಾಲ್ಲೂಕು ಕಚೇರಿ, ಆಹಾರ ಶಾಖೆ, ಮೂರನೇ ಮೇಜು.
ಕೆಟ್ಟವನಲ್ಲ ಅವನು, ಕುರ್ಚಿ ತೋರಿಸಿದ.
'ವರ್ಷದ ಆದಾಯ ಒಂದು ಲಕ್ಷದ ಇಪ್ಪತ್ತು ಸಾವಿರ ಮೀರಬಾರದು ಅಮ್ಮಾ.
ನಿಮ್ಮದು ಐದಾಗೈತಿ.'
ಅದು ಆದಾಯ ಅಲ್ಲ ಸಾರ್, ಅಂದೆ.
'ಮತ್ತೇನು?'
ಏನೆಂದು ಹೇಳಲಿ. ಫಾರಮ್ಮಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಹತ್ತೊಂಬತ್ತು ವರ್ಷ ಸಾರ್.
ಅವರಮ್ಮನ ಬೆನ್ನಿನ ಹುಣ್ಣು ತೊಳೆದದ್ದು ನಾಲ್ಕು ವರ್ಷ,
ಅವನ ಲಾರಿಯ ಕಂತಿಗೆ ಹೋದ ನನ್ನ ಬೋರಮಾಳ,
ಎರಡು ಹೆರಿಗೆ, ಉಳಿದದ್ದು ಒಂದು,
ಬೆಳಗಿನ ಮೂರಕ್ಕೆ ಎದ್ದು ಭಟ್ಟಿಗೆ ಹೋಗಿ
ಎಂಟಕ್ಕೆ ಬಂದು ರೊಟ್ಟಿ ಬಡಿದದ್ದು,
ಎಲ್ಲ ಕೂಡಿಸಿ ಜಡ್ಜಮ್ಮ ಬರೆದದ್ದು ಈ ಐದು.
ಭಾಗಿಸಿ ನೋಡ್ರಿ, ನಿಮ್ಮ ಹತ್ರ ಕ್ಯಾಲ್ಕುಲೇಟರ್ ಐತಿ:
ಹತ್ತೊಂಬತ್ತರಿಂದ, ಆಮೇಲೆ ಹನ್ನೆರಡರಿಂದ.
ಅವನು ನಿಜಕ್ಕೂ ಒತ್ತಿದ.
ತಿಂಗಳಿಗೆ ಎರಡು ಸಾವಿರದ ನೂರ ತೊಂಬತ್ತೆರಡು,
ಮೇಲೆ ಚಿಲ್ಲರೆ ಪೈಸೆ.
ಇಬ್ಬರೂ ಆ ಅಂಕಿಯನ್ನು ನೋಡುತ್ತ ಕೂತೆವು,
ಅದು ತಾನಾಗಿ ಆರಿಹೋಗುವ ತನಕ.

'ಕಂಪ್ಯೂಟರಿಗೆ ಹಿಂದಿನ ವರ್ಷಗಳು ತಿಳಿಯೋದಿಲ್ಲ' ಅಂದ ಮೆಲ್ಲಗೆ.
'ಒಂದು ಮಾತು, ಬೇಜಾರಾಗಬೇಡ್ರಿ.
ದುಡ್ಡು ಖರ್ಚಾಗಲಿ. ಆಮೇಲೆ ಹೊಸದಾಗಿ ಅರ್ಜಿ ಹಾಕ್ರಿ.'

ಖರ್ಚು ಮಾಡಿಸಲು ಓಣಿಗೆ ಓಣಿಯೇ ಸಿದ್ಧವಿತ್ತು.
ತಮ್ಮ ಅಂದ, ನನ್ನ ಹೆಸರಿಗೆ ಇಡು ಅಕ್ಕಾ, ಕಾರ್ಡು ಉಳೀತೈತಿ.
ಅವನ ಹೆಸರಿಗೆ ಇಟ್ಟದ್ದರಲ್ಲಿ ಏನು ಉಳಿದಿದೆ ಎಂದು
ಅವನ ಹೆಂಡತಿಯನ್ನು ಕೇಳಬೇಕು.
ಪಕ್ಕದ ಮೆಹರುನ್ನಿಸಾ, ಬಂಗಾರ ತಗೋ, ಬಂಗಾರಕ್ಕೆ ಆಧಾರ್ ಇಲ್ಲ.
ಭಟ್ಟಿ ಮಾಲೀಕರು, ಆವರಗೆರೆ ಕಡೆ ಅರ್ಧ ಸೈಟು ಐತಿ.
ಮಗಳು ಏನೂ ಅನ್ನಲಿಲ್ಲ.
ನರ್ಸಿಂಗ್ ಕಾಲೇಜಿನ ಫೀಸಿನ ಚೀಟಿಯನ್ನು
ದೇವರ ಗೂಡಿನಲ್ಲಿ, ಕುಂಕುಮದ ಭರಣಿಯ ಕೆಳಗೆ ಇಟ್ಟಿದ್ದಳು.
ರಿಯಾಯಿತಿಗೆ ಆದಾಯ ಪ್ರಮಾಣಪತ್ರ ತರಬೇಕಂತೆ.

ಇನ್ನೊಂದು ಸಂಗತಿ ಪಂಪಣ್ಣನ ಬಾಯಿಂದಲೇ ತಿಳಿಯಿತು.
ಹರಿಹರದ ಕಾರ್ಡಿನಿಂದ ನನ್ನ ಹೆಸರು ತೆಗೆದದ್ದು ಹೋದ ವರ್ಷ.
ಅಲ್ಲಿಯ ತನಕ, ನಾನು ಮನೆ ಬಿಟ್ಟು ಬಂದ ಮೇಲೂ ಎರಡು ವರ್ಷ,
ನನ್ನ ಪಾಲಿನ ಅಕ್ಕಿಯನ್ನು ಹಾಲೇಶಪ್ಪ ಎತ್ತುತ್ತಿದ್ದ.
ಆಗ ಯಂತ್ರ ಒಮ್ಮೆಯೂ ಕೆಂಪಗಾಗಲಿಲ್ಲ.

ನಿನ್ನೆ ಕಿರಾಣಿ ಅಂಗಡಿಯಿಂದ ಅಕ್ಕಿ ತಂದೆ, ಕಿಲೋಗೆ ಐವತ್ತೆಂಟು.
ಬೇಯುವಾಗ ಘಮವೇ ಬೇರೆ.
ಮಗಳು ಎರಡನೇ ಸಲ ಬಡಿಸಿಕೊಂಡಳು.
ಕಣ್ಣೆದುರಿಗೇ ಐದು ಲಕ್ಷದಲ್ಲಿ
ಒಂದು ತುತ್ತು ಕಡಿಮೆಯಾಯಿತು.
ಮತ್ತೆ ಬಡವಳಾಗಲು ಇನ್ನೆಷ್ಟು ಉಣ್ಣಬೇಕೋ,
ಲೆಕ್ಕ ಹಾಕದೆ
ನಾನೂ ತಟ್ಟೆ ಚಾಚಿದೆ.